ಗಿಣಿಗೆ ಪಂಜರ, ಬೆಕ್ಕಿಗೆ ಬೀದಿ

ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟರು ಎಂಬ ಮಾತು ನಮ್ಮ ಕಡೆಯ ಮದುವೆ ಮನೆಗಳಲ್ಲಿ ಇವತ್ತಿಗೂ ಕೇಳಿಬರುತ್ತದೆ. ಹುಡುಗ ಕುಡುಕನೆಂದೋ, ಅತ್ತೆ ಘಟವಾಣಿಯೆಂದೋ ಧಾರೆ ಮುಗಿದ ಮೇಲೆ ಗೊತ್ತಾದಾಗ ಹೆಣ್ಣಿನ ಕಡೆಯವರು ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾ ಹೇಳುವ ಮಾತು ಅದು. ಗಿಡುಗನಿಗೆ ಎಲ್ಲರೂ ಶಾಪ ಹಾಕುತ್ತಾರೆ. ಮಾತಿನ ಮೊದಲರ್ಧದ ಬಗ್ಗೆ ಮಾತ್ರ ಯಾರೂ ತಕರಾರು ತೆಗೆಯುವುದಿಲ್ಲ. ಗಿಣಿಯನ್ನು ಸಾಕಿದ್ದು ಯಾಕೆ? ಎಲ್ಲಿಂದ ತಂದಿರಿ? ನಿಮ್ಮ ಮನೆಗೆ ಬರುತ್ತೇನೆಂದು ಅದೇನಾದರೂ ಕೇಳಿಕೊಂಡಿತ್ತೆ?

ಆ ತಕರಾರು ತೆಗೆಯಲೆಂದೇ ನಾನು ಕೂತಿದ್ದೇನೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂ ಊರುಗಳಲ್ಲಿ ನನಗೆ ನೆಂಟರಿದ್ದಾರೆ, ನೆಂಟರಿಲ್ಲದ ಬೀದಿಯಲ್ಲಿ ನಾನು ಪಾಠ ಹೇಳಿದ ಮಕ್ಕಳಿದ್ದಾರೆ. ಅರಿಶಿನ ಕುಂಕುಮಕ್ಕೆಂದು ಹೋದಾಗ ಕಣ್ಣಿಗೆ ಬೀಳುವ ದೃಶ್ಯ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಪಡಸಾಲೆಯ ಕೊಂಡಿಗೆ ಒಂದು ಪಂಜರ, ಪಂಜರದಲ್ಲಿ ಒಂಟಿ ಗಿಣಿ. ಅದೇ ಮನೆಯ ಹಿತ್ತಲಲ್ಲಿ ಬೆಕ್ಕು ಮರಿ ಹಾಕಿದೆಯೆಂದರೆ ಮನೆಯಾಕೆ ಗೋಣಿಚೀಲ ಹುಡುಕುತ್ತಿರುತ್ತಾರೆ. ಸಂತೆಯ ಹಿಂದೆ, ಕಲ್ಯಾಣಮಂಟಪದ ಎಂಜಲೆಲೆ ಬೀಳುವ ಜಾಗದಲ್ಲಿ ಬಿಟ್ಟು ಬರಲು ಮನೆಯ ಹುಡುಗನಿಗೆ ಇಪ್ಪತ್ತು ರೂಪಾಯಿ ಲಂಚ. ಹೋಗಬೇಕೆಂದು ದಿನವೆಲ್ಲ ಕಂಬಿ ಕಚ್ಚುವ ಜೀವವನ್ನು ಹಿಡಿದಿಟ್ಟುಕೊಳ್ಳುತ್ತೇವೆ. ಇರುತ್ತೇನೆ ಎಂದು ಕಾಲಿಗೆ ಸುತ್ತಿಕೊಳ್ಳುವ ಜೀವವನ್ನು ಹೊರಗೆ ಹಾಕುತ್ತೇವೆ. ಕೇಳಿದರೆ, "ನಮ್ಮನೇಲಿ ಪ್ರಾಣಿ ಪಕ್ಷಿ ಅಂದ್ರೆ ಎಲ್ಲರಿಗೂ ಪ್ರಾಣ ಕಣ್ರೀ" ಎನ್ನುತ್ತೇವೆ.

ಮೊದಲು ಗಿಣಿಯ ವಿಷಯ. ನಮ್ಮ ಕಡೆಯ ಗಿಣಿ ಮೊಟ್ಟೆಯಿಡುವ ಕಾಲ ಜನವರಿಯಿಂದ ಏಪ್ರಿಲ್‌ವರೆಗೆ. ಹಳೆಯ ಮರದ ಪೊಟರೆ, ಸುಳಿ ಸತ್ತ ತೆಂಗಿನ ಬೊಡ್ಡೆ, ಪಾಳು ಗೋಡೆಯ ಸಂದು, ಇವೇ ಅದರ ಬಾಣಂತಿ ಕೋಣೆ. ಮೂರೋ ನಾಲ್ಕೋ ಮರಿ. ಅವು ಗೂಡು ಬಿಟ್ಟು ಹಾರುವುದಕ್ಕೆ ಆರೇಳು ವಾರ ಬೇಕು. ಅಷ್ಟರೊಳಗೆ ಯಾರೋ ಏಣಿ ಹಾಕಿ, ಪೊಟರೆಯ ಬಾಯನ್ನು ಮಚ್ಚಿನಿಂದ ಅಗಲಿಸಿ ಮರಿಗಳನ್ನು ಎತ್ತಿಕೊಂಡು ಹೋಗುತ್ತಾರೆ. ಬಾಯಿ ಅಗಲವಾದ ಪೊಟರೆಗೆ ಮುಂದಿನ ವರ್ಷ ಯಾವ ಗಿಣಿಯೂ ಬರುವುದಿಲ್ಲ, ಯಾಕೆಂದರೆ ಅದರೊಳಕ್ಕೆ ಈಗ ಕಾಗೆಯ ಕೊಕ್ಕೂ ಹೋಗುತ್ತದೆ. ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಕೊಂಡು ಬರುವವನು ನಮ್ಮ ಬಾಗಿಲಲ್ಲಿ ನಿಂತು ಹೇಳುವುದೇನು? "ಕೈಯಲ್ಲೇ ತಿನ್ನುತ್ತೆ ನೋಡಿ ಅಮ್ಮಾ, ಎಷ್ಟು ಹಚ್ಕೊಂಡಿದೆ." ಹಚ್ಚಿಕೊಂಡದ್ದಲ್ಲ ತಾಯಿ. ತಾನಾಗಿ ತಿನ್ನಲು ಇನ್ನೂ ಬರುವುದಿಲ್ಲ ಅದಕ್ಕೆ. ಬುಟ್ಟಿಯಲ್ಲಿ ಬದುಕಿ ಉಳಿದದ್ದನ್ನು ನಾವು ನೋಡುತ್ತೇವೆ, ದಾರಿಯಲ್ಲಿ ಸತ್ತದ್ದನ್ನು ಅವನು ತೋರಿಸುವುದಿಲ್ಲ.

ಕೊಳ್ಳುವವರು ನಾವೇ. ಇದನ್ನು ಗಂಡಸರ ತಲೆಗೆ ಕಟ್ಟಲು ನನಗೂ ಆಸೆಯಿದೆ, ಆದರೆ ಆಗುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಬಾಗಿಲು ತೆರೆಯುವುದು, ಸಾಸಿವೆ ಡಬ್ಬಿಯ ದುಡ್ಡು ತೆಗೆಯುವುದು, "ಮಕ್ಕಳಿಗೆ ಜೊತೆಯಾಗುತ್ತೆ" ಎಂದು ಹೇಳುವುದು ಹೆಂಗಸರು.

ಮಾತಾಡುವ ಗಿಣಿಯ ಸಂತೋಷ ನನಗೆ ಗೊತ್ತಿಲ್ಲವೆಂದು ಯಾರೂ ತಿಳಿಯಬೇಕಿಲ್ಲ. ಚಿಂತಾಮಣಿಯಲ್ಲಿ ನಮ್ಮ ದೂರದ ನೆಂಟರ ಮನೆಯ ಗಿಣಿ ಬಾಗಿಲು ಸದ್ದಾದರೆ ತೆಲುಗಿನಲ್ಲಿ "ಎವರೂ?" ಎನ್ನುತ್ತಿತ್ತು, ಒಳಗೆ ಬಂದ ಮೇಲೆ ಕನ್ನಡದಲ್ಲಿ "ಕೂತ್ಕೊಳ್ಳಿ" ಎನ್ನುತ್ತಿತ್ತು. ನಮ್ಮ ಸೀಮೆಯ ಗಿಣಿಗೂ ಎರಡು ಭಾಷೆ! ಬಂದವರೆಲ್ಲ ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಆ ಗಿಣಿಯ ಹೆಸರು ರಾಮು. ನಾಲ್ಕನೇ ವರ್ಷ ರಾಮು ಮೊಟ್ಟೆಯಿಟ್ಟಿತು. ಗಂಡು ಗಿಣಿಗೆ ಕೊರಳ ಪಟ್ಟಿ ಮೂಡುವುದಕ್ಕೆ ಎರಡು ಮೂರು ವರ್ಷ ಬೇಕು, ಅಲ್ಲಿಯವರೆಗೆ ಗಂಡು ಹೆಣ್ಣು ತಿಳಿಯುವುದೇ ಇಲ್ಲ. ಜೊತೆಯಿಲ್ಲದ ಹಕ್ಕಿಯ ಮೊಟ್ಟೆಯಲ್ಲಿ ಮರಿಯಾಗದು. ಆದರೂ ಆ ಪೆದ್ದು ಹಕ್ಕಿ ಪಂಜರದ ತಗಡಿನ ಮೇಲೆ, ಹಳೆಯ ಪೇಪರಿನ ಚೂರಿನ ನಡುವೆ, ಅದಕ್ಕೆ ಕಾವು ಕೊಡುತ್ತಾ ದಿನಗಟ್ಟಲೆ ಕೂತಿತ್ತಂತೆ. ಮನೆಯವರು ಇದನ್ನೂ ತಮಾಷೆಯಾಗಿಯೇ ಹೇಳಿದರು. ಮಕ್ಕಳಾಗಲಿಲ್ಲವೆಂದು ಮಾತು ಕೇಳಿಸಿಕೊಂಡ ಸೊಸೆಯೊಬ್ಬಳು ಆ ಮನೆಯಲ್ಲೇ ಕಾಫಿ ತಂದು ಕೊಡುತ್ತಿದ್ದಳು. ಅವಳು ನಗಲಿಲ್ಲ.

ಆ ಸೊಸೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಗಿಣಿ ಸಾಕುವವರು ಯಾರೂ ಮುಂಚೆ ಯೋಚಿಸದ ಸಂಗತಿಯೆಂದರೆ ಅದರ ಆಯುಸ್ಸು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ಇಪ್ಪತ್ತೈದು ವರ್ಷ ಇರುತ್ತದೆ. ಅರವತ್ತು ದಾಟಿದ ಅತ್ತೆ ಒಂದು ಗಿಣಿ ತಂದರೆ ಅದು ಸೊಸೆಯ ಪಾಲಿಗೆ ಬರುವ ಆಸ್ತಿ. ಅಲ್ಲಿ ಆದದ್ದೂ ಅದೇ. ಅತ್ತೆ ತೀರಿಕೊಂಡರು. ಹದಿಮೂರು ದಿನ ಮುಗಿದು ನೆಂಟರೆಲ್ಲ ಹೊರಟು ಮನೆ ಬರಿದಾದ ಸಂಜೆ, ನಾಲ್ಕು ಗಂಟೆಗೆ ಸರಿಯಾಗಿ, ಪಡಸಾಲೆಯಿಂದ ಅತ್ತೆಯ ದನಿ ಬಂತು: "ಕಾಫಿ ಆಯ್ತೇನೇ?" ಅದೇ ರಾಗ, ಕೊನೆಗೆ ಅದೇ ಎಳೆತ. ಅವಳ ಕೈಯಿಂದ ಲೋಟ ಬಿತ್ತು. ಆಮೇಲೆ ದಿನವೂ ಹಾಗೇ. ಮೂವತ್ತು ವರ್ಷ ಕೇಳಿದ ಮಾತು ಆಕೆ ಸತ್ತ ಮೇಲೂ ನಿಲ್ಲಲಿಲ್ಲ. "ಯಾರಿಗಾದರೂ ಕೊಟ್ಟುಬಿಡೋಣ ಅನ್ಸುತ್ತೆ ಟೀಚರೇ, ಆದರೆ ಅವರ ದನಿ ಉಳ್ಕೊಂಡಿರೋದು ಇದೊಂದರಲ್ಲೇ ಅಂತಾರೆ ಇವರು" ಎಂದಳು. ಒಂದೇ ಮನೆಯಲ್ಲಿ ಇಬ್ಬರು ಸೆರೆಯಾಳುಗಳು, ಒಬ್ಬರಿಗೆ ಇನ್ನೊಬ್ಬರು ಕಾವಲು.

ಗಿಣಿ ಹೀಗೆ ಮಾತು ಕಲಿಯುವುದು ಭಕ್ತಿಯಿಂದಲೂ ಅಲ್ಲ, ಬುದ್ಧಿ ತೋರಿಸುವುದಕ್ಕೂ ಅಲ್ಲ. ಅದು ಹಿಂಡಿನಲ್ಲಿ ಬಾಳುವ ಹಕ್ಕಿ. ಬೆಳಿಗ್ಗೆ ಹಿಂಡು ಕಟ್ಟಿಕೊಂಡು ಮೇವಿಗೆ ಹೋಗುತ್ತದೆ, ಸಂಜೆ ನೂರಾರು ಒಂದೇ ಮರಕ್ಕೆ ಬಂದು ಗಲಾಟೆ ಮಾಡಿ ಮಲಗುತ್ತದೆ. ತನ್ನವರ ದನಿಯನ್ನು ಕಲಿತು ಹಿಂದಿರುಗಿ ಕೂಗಿದರೇ ಅಲ್ಲಿ ಅದಕ್ಕೆ ಜಾಗ. ಪಂಜರದಲ್ಲಿ ತನ್ನವರಿಲ್ಲ. ಇರುವವರು ನಾವು, ನಮ್ಮ ಕುಕ್ಕರಿನ ಶಿಳ್ಳೆ, ನಮ್ಮ ಬೈಗುಳ. ಅದನ್ನೇ ಕಲಿತು, ಅದನ್ನೇ ಕೂಗಿ, ನಾನಿಲ್ಲಿದ್ದೇನೆ ಎನ್ನುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ. ಗಿಣಿಪಾಠ ಒಪ್ಪಿಸಬೇಡ ಎಂದು ಮೂವತ್ತು ವರ್ಷ ಮಕ್ಕಳನ್ನು ಗದರಿಕೊಂಡು ಬಂದವಳಿಗೆ, ಅದು ಪಾಠ ಒಪ್ಪಿಸುವುದಲ್ಲ, ಹಾಜರಿ ಹೇಳುವುದು ಎಂದು ತಿಳಿದಾಗ ಆ ಗಾದೆಯ ಮಾತನ್ನು ಆಡಲೇ ನಾಚಿಕೆಯಾಯಿತು. "ನಮ್ಮ ಗಿಣಿ ಡ್ಯಾನ್ಸ್ ಮಾಡುತ್ತೆ ಮಿಸ್" ಎಂದು ಮಕ್ಕಳು ಹೇಳುತ್ತಾರೆ. ಗಂಟೆಗಟ್ಟಲೆ ಅದೇ ಕಡ್ಡಿಯ ಮೇಲೆ ಆ ಕೊನೆಗೂ ಈ ಕೊನೆಗೂ ತೂಗಾಡುವುದು, ತನ್ನ ಎದೆಯ ಪುಕ್ಕವನ್ನು ತಾನೇ ಕಿತ್ತುಕೊಳ್ಳುವುದು, ಇವು ಡ್ಯಾನ್ಸಲ್ಲ. ಬೇಸರ ತಲೆಗೇರಿದ ಲಕ್ಷಣ.

ಇನ್ನು ಆರೈಕೆ. ಅನ್ನ, ಬಿಸ್ಕತ್ತು, ಬೋಂಡ, ಇಷ್ಟೇ ನಮಗೆ ಗೊತ್ತಿರುವುದು. ಮೆಣಸಿನಕಾಯಿಯ ಖಾರ ಹಕ್ಕಿಗಳ ನಾಲಗೆಗೆ ತಾಕುವುದಿಲ್ಲ, ಅದರಿಂದ ಅಪಾಯವಿಲ್ಲ. ಬರೀ ಸೂರ್ಯಕಾಂತಿ ಬೀಜ ತಿನ್ನಿಸಿದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುತ್ತದೆ. ಬೆಣ್ಣೆಹಣ್ಣು ಅದಕ್ಕೆ ವಿಷ. ಅಡುಗೆಮನೆಯ ಕಿಟಕಿಯಲ್ಲಿ ಪಂಜರ ತೂಗುಹಾಕುವವರು ಇನ್ನೊಂದನ್ನು ತಿಳಿದಿರಬೇಕು: ನಾನ್‌ಸ್ಟಿಕ್ ಬಾಣಲೆ ಒಲೆಯ ಮೇಲೆ ಮರೆತು ಅತಿಯಾಗಿ ಕಾದರೆ ಏಳುವ ಹೊಗೆಗೆ ನಮಗೆ ಕೆಮ್ಮು ಬಂದೀತು, ಹಕ್ಕಿ ಸತ್ತೇಹೋಗುತ್ತದೆ. ಕಾಯಿಲೆಯಾದರೆ ತೋರಿಸುವುದೆಲ್ಲಿ? ನಮ್ಮ ತಾಲ್ಲೂಕುಗಳ ಪಶುವೈದ್ಯರು ಹಸು, ಕುರಿ, ಕೋಳಿಯ ಪಂಡಿತರು. ಗಿಣಿಯನ್ನು ಒಯ್ದರೆ ಅವರೂ ನಮ್ಮಷ್ಟೇ ಪೆಚ್ಚಾಗಿ ನೋಡುತ್ತಾರೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಒಯ್ಯಿರಿ ಎನ್ನುತ್ತಾರೆ. ಬಸ್ಸಿನಲ್ಲಿ ಪಂಜರ ಹಿಡಿದು ಹೋಗುವ ಧೈರ್ಯ ಯಾರಿಗಿದೆ? ಯಾಕೆಂದರೆ ಅದು ಕಾನೂನಿಗೆ ವಿರೋಧ.

ಹೌದು, ವಿರೋಧ. ಅರ್ಧಕ್ಕರ್ಧ ಮನೆಗಳಲ್ಲಿ ಇದು ಗೊತ್ತೇ ಇಲ್ಲ, ಗೊತ್ತಿರುವವರು ಗೊತ್ತಿಲ್ಲದ ಹಾಗಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕೆಳಗೆ ನಮ್ಮ ನಾಡಿನ ಗಿಣಿ ಕಾಡುಪ್ರಾಣಿಯೇ. ಆನೆ, ಚಿರತೆಗಳಿಗಿರುವ ಕಾಯಿದೆಯೇ ಅದಕ್ಕೂ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅದು ಎರಡನೆಯ ಅನುಸೂಚಿಯಲ್ಲಿದೆ. ಹಿಡಿದರೂ, ಮಾರಿದರೂ, ಮನೆಯಲ್ಲಿಟ್ಟುಕೊಂಡರೂ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಪೇಟೆಯ ಅಂಗಡಿಗಳಲ್ಲಿ ಮಾರುವ ಲವ್‌ಬರ್ಡ್ಸ್‌ನಂಥ ಹೊರದೇಶದ ಹಕ್ಕಿಗಳ ಲೆಕ್ಕ ಬೇರೆ, ಅವಕ್ಕೆ ಈ ಮಾತು ಅನ್ವಯಿಸದು. ಅವನ್ನು ಕಂಡರೂ ನನಗೇನೂ ಸಂತೋಷವಾಗುವುದಿಲ್ಲ, ಅದಿರಲಿ. 2015ರಲ್ಲಿ ದೆಹಲಿಯ ಹೈಕೋರ್ಟು, ಆಕಾಶದಲ್ಲಿ ಹಾರುವುದು ಹಕ್ಕಿಗಳ ಹಕ್ಕು, ವ್ಯಾಪಾರಕ್ಕಾಗಿ ಅವನ್ನು ಸಣ್ಣ ಪಂಜರಗಳಲ್ಲಿಡುವ ಹಕ್ಕು ಮನುಷ್ಯರಿಗಿಲ್ಲ ಎಂಬ ಅಭಿಪ್ರಾಯ ಹೇಳಿತು. 2024ರ ಲೋಕಸಭಾ ಚುನಾವಣೆಯಲ್ಲಿ ತಮಿಳುನಾಡಿನ ಕಡಲೂರಿನ ಒಬ್ಬ ಅಭ್ಯರ್ಥಿ ಗಿಣಿಶಾಸ್ತ್ರ ಕೇಳಿದರು. ಗಿಣಿ ಹೊರಗೆ ಬಂದು ಗೆಲುವಿನ ಚೀಟಿ ತೆಗೆಯಿತು. ಅರಣ್ಯ ಇಲಾಖೆಯವರು ಬಂದು ಶಾಸ್ತ್ರದವರನ್ನು ಹಿಡಿದರು, ಎಚ್ಚರಿಕೆ ಕೊಟ್ಟು ಬಿಟ್ಟರು. ಅಭ್ಯರ್ಥಿ ಸೋತರು. ತನ್ನ ಭವಿಷ್ಯವೇ ತಿಳಿಯದ ಹಕ್ಕಿಯ ಹತ್ತಿರ ನಾವು ನಮ್ಮ ಮಗಳ ಕಂಕಣಬಲ ಕೇಳುತ್ತೇವೆ.

"ದೇವರ ಹತ್ತಿರವೂ ಗಿಣಿ ಇದೆಯಲ್ಲ" ಎಂದು ಒಬ್ಬರು ವಾದಕ್ಕೆ ಬಂದರು. ಇದೆ. ಮಧುರೆಯ ಮೀನಾಕ್ಷಿಯ ಕೈಯಲ್ಲಿದೆ, ಆಂಡಾಳಿನ ಕೈಯಲ್ಲಿದೆ. ಒಮ್ಮೆ ಹೋಗಿ ನೋಡಿ, ಕೈಯಲ್ಲಿ ಕೂತಿದೆ. ಪಂಜರ ಎಲ್ಲಿದೆ?

ನನಗೆ ನಿಜವಾಗಿ ಸಿಟ್ಟು ಬಂದದ್ದು ಮಾತ್ರ ಬೇರೆ ಕಡೆ. ಒಂದು ಮಹಿಳಾ ದಿನಾಚರಣೆಗೆ ಭಾಷಣ ಸ್ಪರ್ಧೆಯ ತೀರ್ಪುಗಾರಳಾಗಿ ಕರೆದಿದ್ದರು. ಹದಿನಾಲ್ಕು ಜನ ಮಾತಾಡಿದರು, ಒಂಬತ್ತು ಜನರ ಬಾಯಲ್ಲಿ ಪಂಜರದ ಗಿಣಿ ಬಂತು. ಹೆಣ್ಣು ಪಂಜರದ ಗಿಣಿಯಾಗಿದ್ದಾಳೆ, ಚಿನ್ನದ ಪಂಜರವಾದರೂ ಪಂಜರವೇ, ರೆಕ್ಕೆ ಕತ್ತರಿಸಿದ್ದಾರೆ, ಬಾಗಿಲು ತೆರೆಯಿರಿ. ಎಷ್ಟು ಚೆನ್ನಾಗಿ ಮಾತಾಡಿದರು! ಒಬ್ಬಾಕೆ ಮಾತು ಮುಗಿಸುವಾಗ ಕಣ್ಣಲ್ಲಿ ನೀರೂ ಬಂತು, ಅದು ನಟನೆಯಲ್ಲ. ಬಹುಮಾನವನ್ನೂ ಆಕೆಗೇ ಕೊಟ್ಟೆವು. ಆಮೇಲೆ ಊಟಕ್ಕೆ ಅವರ ಮನೆಗೇ ಕರೆದುಕೊಂಡು ಹೋದರು. ಪಡಸಾಲೆಯಲ್ಲಿ ಪಂಜರ. ಅಗಲ ಒಂದು ಮೊಳವಿದ್ದರೆ ಹೆಚ್ಚು. ಒಳಗಿನ ಹಕ್ಕಿಯ ಒಂದು ರೆಕ್ಕೆಯ ಗರಿಗಳನ್ನು, ಹಾರದಿರಲೆಂದು, ಕತ್ತರಿಯಿಂದ ಕತ್ತರಿಸಿದ್ದರು. ಸಾಬೂನು ಹಾಕಿ ಕೈ ತೊಳೆದುಕೊಳ್ಳುತ್ತಾ ನಾನು ಆ ಪಂಜರವನ್ನು ನೋಡಿದೆ, ಆಕೆಯನ್ನು ನೋಡಿದೆ. "ನಮ್ಮ ಮಿಠ್ಠು. ಮಗು ಥರ ನೋಡ್ಕೊಂಡಿದೀವಿ ಮೇಡಂ" ಎಂದರು. ಊಟದ ಎಲೆಯ ಮುಂದೆ ಕೂತು ಜಗಳವಾಡಬಾರದೆಂದು ಸುಮ್ಮನಿದ್ದೆ. ಈಗ ಹೇಳುತ್ತಿದ್ದೇನೆ: ಚಿನ್ನದ ಪಂಜರದ ಮಾತನ್ನು ನಮ್ಮ ಗಂಡಂದಿರಿಗೆ ಹೇಳುವ ಮೊದಲು ನಮ್ಮ ಪಡಸಾಲೆಯ ಕೊಂಡಿಯ ಕಡೆ ಒಮ್ಮೆ ನೋಡೋಣ. ಹೊಟ್ಟೆಗೆ ಕಡಿಮೆ ಮಾಡಿಲ್ಲ, ಹೊರಗೆ ಹೋದರೆ ಅಪಾಯ, ಅದಕ್ಕೇನು ತಿಳಿಯುತ್ತೆ, ನಮ್ಮನ್ನು ಬಿಟ್ಟು ಅದು ಇರೋದಿಲ್ಲ. ಈ ನಾಲ್ಕು ಮಾತುಗಳನ್ನು ಯಾರು ಯಾರಿಗೆ ಎಷ್ಟು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ ಎನ್ನುವುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಗೆಂದು ಇದನ್ನು ಓದಿ ಯಾರೂ ಈಗಲೇ ಎದ್ದು ಪಂಜರದ ಬಾಗಿಲು ತೆರೆಯಬೇಡಿ. ನಮ್ಮನ್ನು ಬಿಟ್ಟರೆ ಗಿಣಿ ಬದುಕುವುದಿಲ್ಲವೆನ್ನುವುದು ಜಾತಿಯ ಮಟ್ಟಿಗೆ ಸುಳ್ಳು. ತಪ್ಪಿಸಿಕೊಂಡ ಇದೇ ಗಿಣಿಗಳ ಸಂತಾನ ಇಂದು ಲಂಡನ್ನಿನ ಚಳಿಯಲ್ಲೂ ಪಾರ್ಕು ಪಾರ್ಕುಗಳಲ್ಲಿ ಹಿಂಡುಗಟ್ಟಿ ಕೂಗುತ್ತಿದೆ. ಆದರೆ ನಿಮ್ಮ ಮನೆಯ ಆ ಒಂದು ಹಕ್ಕಿಯ ಮಟ್ಟಿಗೆ ಮಾತು ನಿಜ. ಹತ್ತು ವರ್ಷ ರೆಕ್ಕೆ ಬಿಚ್ಚದ ಹಕ್ಕಿಗೆ ಹಾರುವ ಕಸುವಿರುವುದಿಲ್ಲ, ಮೇವು ಹುಡುಕಲು ಬರುವುದಿಲ್ಲ, ಕಾಗೆಗಳು ಅರ್ಧ ಗಂಟೆಯಲ್ಲಿ ಮುಗಿಸುತ್ತವೆ. ತಾಲ್ಲೂಕಿನ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ ಒಪ್ಪಿಸುವುದು ಸರಿಯಾದ ದಾರಿ. ಬೆಂಗಳೂರಿನ ಕೆಂಗೇರಿಯ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯವರ ವನ್ಯಜೀವಿ ಆಸ್ಪತ್ರೆ ಇದೆ. ಇಂಥ ಕಡೆ ದೊಡ್ಡ ಜಾಲರಿ ಮನೆಯಲ್ಲಿ ಬೇರೆ ಗಿಣಿಗಳ ಜೊತೆ ಬಿಟ್ಟು, ಹಾರಾಟ ಬಂದ ಮೇಲೆ ಹೊರಗೆ ಬಿಡಲು ನೋಡುತ್ತಾರೆ. ಇರುವುದನ್ನು ಒಪ್ಪಿಸುವುದು ಹಾಗಿರಲಿ, ಹೊಸದನ್ನು ಕೊಳ್ಳದಿದ್ದರೆ ಅರ್ಧ ಕೆಲಸ ಮುಗಿಯಿತು.

ಗಿಣಿಯ ಜೊತೆ ಬಾಳಬೇಕೆಂಬ ಆಸೆಯಿದ್ದರೆ ಒಂದು ಸೀಬೆ ಗಿಡ ಹಾಕಿ. ನಮ್ಮ ಹಿತ್ತಲಿನದಕ್ಕೆ ಮಳೆಗಾಲ ಕಳೆಯುತ್ತಲೇ ಬರುತ್ತವೆ. ಒಂದು ಹಣ್ಣಿನಲ್ಲಿ ಎರಡು ಕಚ್ಚು ಕಚ್ಚಿ ಬಿಸಾಡಿ ಇನ್ನೊಂದಕ್ಕೆ ಬಾಯಿ ಹಾಕುವ ದುಂದುಗಾರರು. ನನಗೆ ಉಳಿಯುವುದು ಕೆಳಗಿನ ಕೊಂಬೆಯ ಹತ್ತು ಹಣ್ಣು. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದವರೂ, ಗೌರಿಬಿದನೂರಿನ ಮುಸುಕಿನ ಜೋಳದವರೂ ನನ್ನ ಮೇಲೆ ಸಿಟ್ಟಾಗುತ್ತಾರೆಂದು ಬಲ್ಲೆ. ಅವರ ನಷ್ಟ ನನ್ನ ಹತ್ತು ಸೀಬೆ ಹಣ್ಣಿನಂಥದ್ದಲ್ಲ. ಬಲೆ ಹೊದಿಸಲಿ, ತಮಟೆ ಬಡಿಯಲಿ, ಅದು ನ್ಯಾಯವಾದ ಜಗಳ. ಪಡಸಾಲೆಯ ಪಂಜರದಿಂದ ಯಾವ ರೈತನ ಒಂದು ತೆನೆಯೂ ಉಳಿದಿಲ್ಲ.

ಈಗ ಬೆಕ್ಕಿನ ಕಡೆಗೆ ಬರೋಣ.

ಗಿಣಿಯನ್ನು ನಾವು ಹಿಡಿದು ತಂದೆವು, ಬೆಕ್ಕು ತಾನಾಗಿ ಬಂತು. ಮನುಷ್ಯ ಕಾಳು ಕೂಡಿಡಲು ಕಲಿತ, ಕಾಳಿಗೆ ಇಲಿ ಬಂತು, ಇಲಿಗೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಗೋರಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಮಲಗಿಸಿದ್ದು ಸಿಕ್ಕಿದೆ, 2004ರಲ್ಲಿ ಅದು ಪ್ರಕಟವಾಯಿತು. ಅಷ್ಟು ದೂರ ಯಾಕೆ, ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟ ಕಾಲದಲ್ಲಿ ಬೆಕ್ಕಿಲ್ಲದ ಮನೆಯಿತ್ತೆ? ಶಿಡ್ಲಘಟ್ಟದ ಕಡೆ ಹುಳು ಸಾಕುವ ಮನೆಗಳಲ್ಲಿ ಇವತ್ತಿಗೂ ಕೇಳಿ ನೋಡಿ. ಹಣ್ಣಾದ ರೇಷ್ಮೆ ಹುಳುವನ್ನೂ ಗೂಡನ್ನೂ ಇಲಿ ಒಂದೇ ರಾತ್ರಿಯಲ್ಲಿ ಹಾಳುಮಾಡುತ್ತದೆ, ಹುಳುಮನೆಯೊಳಗೆ ಇಲಿ ಪಾಷಾಣ ಇಡಲು ಮನಸ್ಸು ಅಳುಕುತ್ತದೆ. ಬಾಗಿಲ ಹೊರಗೆ ಬೆಕ್ಕು ಓಡಾಡಿಕೊಂಡಿದ್ದರೆ ಸಾಕು. ಸಂಬಳವಿಲ್ಲದ ಕಾವಲು. ಅದಕ್ಕೆ ನಾವು ಕೊಟ್ಟ ಮರ್ಯಾದೆ ಏನು? ಅಡ್ಡ ಬಂತೆಂದು ಚಪ್ಪಲಿ ಬಿಟ್ಟು ಎರಡು ನಿಮಿಷ ನಿಲ್ಲುವುದು, ಕಪ್ಪಾಗಿದ್ದರೆ ಕಲ್ಲು ಹೊಡೆಯುವುದು, ಮರಿ ಹಾಕಿದರೆ ಗೋಣಿಚೀಲ.

ನಮ್ಮ ಮನೆಯ ಬೆಕ್ಕನ್ನು ನಾನು ತರಲಿಲ್ಲ. ಒಂದು ಮಳೆಯ ರಾತ್ರಿ ಕಿಟಕಿಯಿಂದ ಬಂದು ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ಮಲಗಿತು. ಎಬ್ಬಿಸಿದರೆ ಪಕ್ಕದ ಸೆಕ್ಷನ್ನಿನ ಕಟ್ಟಿನ ಮೇಲೆ ಮಲಗಿತು. ಕಿಟಕಿ ಈಗಲೂ ತೆರೆದೇ ಇದೆ. ಅದು ಹೋಗುತ್ತದೆ, ಬರುತ್ತದೆ. ಮುದ್ದು ಮಾಡಿದರೆ ಸಾಕಾದಾಗ ಎದ್ದು ಹೋಗುತ್ತದೆ, ನಾನು ಕರೆದಾಗ ಬರುವುದಿಲ್ಲ. ಸ್ವಾರ್ಥಿ ಪ್ರಾಣಿ ಎನ್ನುತ್ತಾರೆ. ಬೇಡವೆಂದಾಗ ಬೇಡ ಎನ್ನುವವರನ್ನೆಲ್ಲ ನಮ್ಮಲ್ಲಿ ಹಾಗೇ ಅನ್ನುವುದು, ಅದರಲ್ಲೂ ಹೆಣ್ಣಾದರೆ.

ಬೆಕ್ಕಿನ ಚಿಂತೆಗಳೂ ಕಡಿಮೆಯೇನಿಲ್ಲ. ನಮ್ಮಂಥ ಸಸ್ಯಾಹಾರಿಗಳ ಮನೆಯಲ್ಲಿ ಹಾಲನ್ನ ಹಾಕಿ ಧರ್ಮ ಮುಗಿಯಿತೆಂದುಕೊಳ್ಳುತ್ತೇವೆ. ತೆನ್ನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದ ಕಥೆ ಮಕ್ಕಳಿಗೆಲ್ಲ ಗೊತ್ತು, ಆದರೆ ಎಷ್ಟೋ ದೊಡ್ಡ ಬೆಕ್ಕುಗಳಿಗೆ ನಿಜವಾಗಿಯೂ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಮಾಂಸ ಮೀನುಗಳಲ್ಲಿರುವ ಟಾರಿನ್ ಎಂಬ ಸತ್ವ ಸಿಗದಿದ್ದರೆ ನಿಧಾನವಾಗಿ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ನಮ್ಮ ಮಡಿಯನ್ನು ಅದರ ಮೇಲೆ ಹೇರಬಾರದು. ಒಲೆಯ ಮೇಲೆ ಬೇಯಿಸಲಾರೆವಾದರೆ ಅಂಗಡಿಯಲ್ಲಿ ಬೆಕ್ಕಿನದೇ ಆಹಾರದ ಪೊಟ್ಟಣ ಸಿಗುತ್ತದೆ, ಹಿತ್ತಲ ಕಟ್ಟೆಯ ಮೇಲೆ ಹಾಕಿ. ಜ್ವರ ಬಂದಿದೆಯೆಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆ ಅರೆದು ಕುಡಿಸಬೇಡಿ, ಬೆಕ್ಕಿಗೆ ಅದು ಸಾವು.

ಪರಚಿತು, ಕಚ್ಚಿತು, ಬೆಕ್ಕಲ್ಲವೇ ಎಂದು ಅರಿಶಿನ ಮೆತ್ತಿ ಸುಮ್ಮನಾಗುವವರಿದ್ದಾರೆ. ಹುಚ್ಚುನಾಯಿ ರೋಗ ಬೆಕ್ಕಿನಿಂದಲೂ ಬರುತ್ತದೆ. ಗಾಯವನ್ನು ಕಾಲು ಗಂಟೆ ಸಾಬೂನು ನೀರಿನಲ್ಲಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಲೇಬೇಕು. ಮೂರು ತಿಂಗಳಾದ ಮರಿಗೆ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ಮುಂದುವರಿಸಿದರೆ ಈ ಭಯದ ಬಹುಪಾಲು ಹೋಗುತ್ತದೆ. ಬಸುರಿ ಇರುವ ಮನೆಯಲ್ಲಿ ಬೆಕ್ಕನ್ನು ಓಡಿಸಬೇಕೆಂದು ಹಿರಿಯರು ಹೇಳುವುದಕ್ಕೆ ಒಂದಿಷ್ಟು ಕಾರಣವಿದೆ, ಅದರ ಹೇಲಿನಲ್ಲಿ ಬರುವ ಒಂದು ಸೂಕ್ಷ್ಮಜೀವಿ ಹೊಟ್ಟೆಯ ಮಗುವಿಗೆ ಕೆಟ್ಟದ್ದು. ಅದಕ್ಕೆ ಪರಿಹಾರ ಬೆಕ್ಕನ್ನು ಓಡಿಸುವುದಲ್ಲ. ಆ ಹೇಲನ್ನು ದಿನಾ ಬಾಚುವ ಕೆಲಸ ಬಸುರಿಯದಾಗದೆ ಮನೆಯ ಗಂಡಸಿನದಾಗುವುದು. ಇದನ್ನು ಹೇಳಿದಾಗ ಒಂದು ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು.

ಗೋಣಿಚೀಲದ ಪಾಪಕ್ಕೆ ಪರಿಹಾರ ಆಪರೇಷನ್. "ಅಯ್ಯೋ, ಒಂದು ಸಲವಾದರೂ ತಾಯಿಯಾಗಲಿ ಪಾಪ" ಎನ್ನುತ್ತಾರೆ. ತಾಯಿಯಾದ ಹತ್ತನೇ ದಿನಕ್ಕೆ ಮರಿಗಳನ್ನು ಚೀಲಕ್ಕೆ ತುಂಬುವವರೂ ಅವರೇ. ಲೆಕ್ಕ ಹಾಕಿ ನೋಡಿ. ಬೆಕ್ಕು ಐದಾರು ತಿಂಗಳಿಗೇ ಗಬ್ಬವಾಗುತ್ತದೆ, ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ವರ್ಷಕ್ಕೆ ಎರಡು ಸೂಲು, ಸೂಲಿಗೆ ನಾಲ್ಕು ಎಂದರೆ ಎಂಟು. ಎಂಟರಲ್ಲಿ ಹೆಣ್ಣು ನಾಲ್ಕಾದರೆ ಮುಂದಿನ ವರ್ಷಕ್ಕೆ ಎಷ್ಟು? ಆರನೇ ತರಗತಿಯ ಲೆಕ್ಕ. ಹೆಣ್ಣು ಬೆಕ್ಕಿಗೆ ಮಾತ್ರವಲ್ಲ, ಗಂಡಿಗೂ ಮಾಡಿಸಿ. ಗಂಡು ಬೆಕ್ಕಿಗೆ ಕತ್ತರಿ ಹಾಕಿಸುವುದು ಬಹಳ ಸಣ್ಣ ಕೆಲಸ. ಅಲ್ಲೂ ನಮ್ಮವರು ಹೆಣ್ಣನ್ನೇ ಹೊತ್ತುಕೊಂಡು ಬರುತ್ತಾರೆಂದು ಒಬ್ಬ ವೈದ್ಯರು ನಕ್ಕರು. ನನಗೆ ನಗು ಬರಲಿಲ್ಲ.

ಇತ್ತೀಚೆಗೆ ಇನ್ನೊಂದು ಹುಚ್ಚು. ಬೀದಿಯ ಮರಿಯನ್ನು ಚೀಲಕ್ಕೆ ಹಾಕುವ ಮನೆಯವರೇ ಸಾವಿರಾರು ರೂಪಾಯಿ ಕೊಟ್ಟು ಪರ್ಷಿಯನ್ ಬೆಕ್ಕು ತರುತ್ತಿದ್ದಾರೆ. ಚಪ್ಪಟೆ ಮೂಗಿನಿಂದ ಉಸಿರಾಡಲು ಒದ್ದಾಡುತ್ತಾ, ಆ ಉದ್ದ ಕೂದಲನ್ನು ಹೊದ್ದು, ಚಿಂತಾಮಣಿಯ ಏಪ್ರಿಲ್ ಬಿಸಿಲಿನಲ್ಲಿ ಅದು ಫ್ರಿಜ್ಜಿನ ಕೆಳಗೆ ಬಿದ್ದಿರುತ್ತದೆ. ಫೋನಿನಲ್ಲಿ ಫೋಟೋ ಚೆನ್ನಾಗಿ ಬರುತ್ತದಂತೆ.

ಬೆಕ್ಕಿನ ಪರವಾಗಿ ಇಷ್ಟು ವಾದಿಸುತ್ತೀರಲ್ಲ, ಅದು ಹಕ್ಕಿ ಹಿಡಿಯುವುದಿಲ್ಲವೇ ಎಂದು ಕೇಳಿಯೇ ಕೇಳುತ್ತೀರಿ. ಹಿಡಿಯುತ್ತದೆ. ಗುಬ್ಬಿ ತಂದು ಹೊಸಲಿನ ಮೇಲಿಟ್ಟು ಬಹುಮಾನ ಕೇಳುವವನಂತೆ ನಿಲ್ಲುತ್ತದೆ. ಹೊಟ್ಟೆ ತುಂಬಾ ಹಾಕಿ, ಹಕ್ಕಿಗಳು ಇಳಿಯುವ ಬೆಳಗಿನ ಜಾವದಲ್ಲೂ ಸಂಜೆಯಲ್ಲೂ ಒಳಗೆ ಇಟ್ಟುಕೊಂಡರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಹಕ್ಕಿಗೆ ನೀರಿಡುವ ಬೋಗುಣಿಯನ್ನು ಬೆಕ್ಕು ನೆಗೆಯಲಾರದ ಕಡೆ ಇಡಬೇಕು. ಎರಡನ್ನೂ ಒಂದೇ ಮನೆಯಲ್ಲಿಟ್ಟು, ಕೆಳಗೆ ಬೆಕ್ಕು ಮೇಲೆ ಪಂಜರ, ಎಷ್ಟು ಹೊಂದಿಕೊಂಡಿವೆ ನೋಡಿ ಎನ್ನುವವರನ್ನು ಕಂಡರಂತೂ ನನಗೆ ಮೈ ಉರಿಯುತ್ತದೆ. ಹೊಂದಿಕೊಂಡದ್ದು ಯಾರು? ಕೆಳಗಿನದು ಕಾಯುತ್ತಿದೆ, ಮೇಲಿನದು ನಡುಗುತ್ತಿದೆ. ಕಂಬಿಯ ಸಂದಿಯಿಂದ ಒಂದು ಉಗುರು ತಾಕಿದರೂ ಸಾಕು, ಬೆಕ್ಕಿನ ಬಾಯಿಯ, ಉಗುರಿನ ಕ್ರಿಮಿಗಳಿಂದ ನಂಜೇರಿ ಹಕ್ಕಿ ಎರಡು ಮೂರು ದಿನದಲ್ಲಿ ಸಾಯುತ್ತದೆ.

ಈ ಮಳೆಗಾಲದಲ್ಲಿ ಯಾರೋ ನಮ್ಮ ಶಾಲೆಯ ಗೇಟಿನ ಬಳಿ ಒಂದು ರಟ್ಟಿನ ಡಬ್ಬಿ ಇಟ್ಟು ಹೋದರು. ಮೇಲೆ ಹಳೆಯ ಸೀರೆಯ ತುಂಡು ಹೊದಿಸಿದ್ದರು, ಅಷ್ಟು ಕರುಣೆ. ಒಳಗೆ ಮೂರು ಮರಿ. ಎರಡು ಪಟ್ಟೆಯವು, ಅವಕ್ಕೆ ಮನೆ ಸಿಕ್ಕಿತು. ಮೂರನೆಯದು ಕಪ್ಪು. ಅದನ್ನು ಕೇಳಿಕೊಂಡು ಇಷ್ಟು ದಿನದಲ್ಲಿ ಒಬ್ಬರೇ ಬಂದರು, ಏಳನೇ ತರಗತಿಯ ಹುಡುಗಿಯೊಬ್ಬಳ ತಾಯಿ. ಕಪ್ಪಾದರೇನಂತೆ, ಮಗಳು ಹಟ ಹಿಡಿದಿದ್ದಾಳೆ ಎಂದರು. ನನಗೆ ಖುಷಿಯಾಯಿತು. ಮಾತಾಡುತ್ತಾ, ಮನೆಯಲ್ಲಿ ಗಿಣಿಯೂ ಇದೆ, ಒಂದು ವರ್ಷದ್ದು, ಎರಡೂ ಆಡಿಕೊಳ್ಳುತ್ತವೆ ಎಂದರು. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಿ ಬನ್ನಿ, ಬೇಕಾದರೆ ನಾನೂ ಜೊತೆಗೆ ಬರುತ್ತೇನೆ, ಆಮೇಲೆ ಮರಿ ಒಯ್ಯಿರಿ ಎಂದೆ. ಮನೆಯವರನ್ನು ಕೇಳಿ ಹೇಳುತ್ತೇನೆಂದು ಹೋದರು. ಮೂರು ವಾರವಾಯಿತು. ಮಗಳು ದಿನಾ ಪ್ರಾರ್ಥನೆಯ ಸಾಲಿನಲ್ಲಿ ನನ್ನ ಮುಖ ನೋಡುತ್ತಾಳೆ. ಮರಿ ನಮ್ಮ ಮನೆಯಲ್ಲೇ ಇದೆ.